ಆಯುಧಪೂಜೆಗೆ ಮುಂಚೆ ಮೆಷಿನ್ ಕ್ಲೀನಿಂಗ್: ಎಲ್ಲಿಗೆ ಎಣ್ಣೆ, ಎಲ್ಲಿಗೆ ಮೇಣ, ಎಲ್ಲಿಗೆ ಏನೂ ಬೇಡ

ಕುವೆಂಪುನಗರ ಗ್ಯಾರೇಜ್

ಆಯುಧಪೂಜೆಗೆ ಇನ್ನೆರಡು ವಾರ. ವರ್ಷಕ್ಕೊಂದು ಸಲ ಮೆಷಿನ್‌ಗೆ ಮೈ ತೊಳೆಯೋ ಕಾಲ ಅಂತ ಎಲ್ಲರ ಕೈಗೂ ಎಣ್ಣೆ ಡಬ್ಬಿ ಬಂದಿರುತ್ತೆ. ಅದಕ್ಕೇ ಈ ಚರ್ಚೆ. ಮನೆಯಲ್ಲಿರೋ ಮರಗೆಲಸದ ಮೆಷಿನ್‌ಗಳು ಎಣ್ಣೆ ಸಾಲದೆ ಕೆಡೋದಕ್ಕಿಂತ ಎಣ್ಣೆ ಜಾಸ್ತಿಯಾಗಿ ಕೆಡೋದೇ ಹೆಚ್ಚು. ಕಬ್ಬಿಣದ ಲೇತ್ ನೋಡಿ ಕಲಿತ ಅಭ್ಯಾಸ ಇಲ್ಲಿಗೆ ಹೊಂದಲ್ಲ. ಅಲ್ಲಿ ಎಣ್ಣೆ ಚೂರನ್ನ ಕೊಚ್ಚಿಕೊಂಡು ಹೋಗುತ್ತೆ, ಇಲ್ಲಿ ಅದೇ ಎಣ್ಣೆ ಹೊಟ್ಟನ್ನ ಹಿಡಿದು ಕೂರಿಸುತ್ತೆ. ಆದ್ದರಿಂದ ಮೊದಲು ಹೊಟ್ಟು ತೆಗೀಬೇಕು, ಆಮೇಲೆ ಹಳೇ ಜಿಡ್ಡು, ಕೊನೆಗೆ ಎಣ್ಣೆ. ಹೊಟ್ಟು ಬೀಳೋ ಜಾಗಕ್ಕೆ ಒಣ ಲೂಬ್ರಿಕೆಂಟ್ ಮಾತ್ರ.

ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗನ್ನೇ ತೆಗೆದು ಕಣ್ಣಿಗೆ ಕಾಣೋ ಹಾಗೆ ಟೇಬಲ್ ಮೇಲೆ ಇಡಿ. "ಹೇಗೂ ಕರೆಂಟ್ ಇಲ್ಲ, ಈಗಲೇ ಕ್ಲೀನ್ ಮಾಡಿಬಿಡೋಣ" ಅನ್ನೋರು ಇನ್ನೂ ಹುಷಾರಾಗಿರಬೇಕು. ಸಾದಾ ಸ್ವಿಚ್ ಆನ್‌ನಲ್ಲೇ ಉಳಿದಿದ್ರೆ ಕರೆಂಟ್ ಬಂದ ಕ್ಷಣಕ್ಕೆ ಬ್ಲೇಡ್ ತಿರುಗುತ್ತೆ.

10 ಇಂಚಿನ ಟೇಬಲ್ ಸಾದಿಂದ (ಟೇಬಲ್ ಮಧ್ಯೆ ಗುಂಡು ಗರಗಸದ ಬ್ಲೇಡ್ ಇರೋ ಮೆಷಿನ್) ಶುರು ಮಾಡ್ತೀನಿ. ಬ್ಲೇಡ್ ಬಿಚ್ಚಿ. ನಟ್ ಯಾವ ಕಡೆಗೆ ಬಿಚ್ಚುತ್ತೆ ಅನ್ನೋ ಗೊಂದಲ ಇದ್ರೆ, ಬ್ಲೇಡ್ ತಿರುಗೋ ದಿಕ್ಕಿಗೇ ನಟ್ ಬಿಚ್ಚಿಕೊಳ್ಳುತ್ತೆ ಅಂತ ನೆನಪಿಡಿ. ಬ್ಲೇಡ್ ಸುತ್ತಿನ ತಟ್ಟೆ ತೆಗೆದು ಒಳಗೆ ವ್ಯಾಕ್ಯೂಮ್ ಹಾಕಿ, ಮೂಲೆಗಳಿಗೆ ಒಂದಿಂಚಿನ ಪೇಂಟ್ ಬ್ರಷ್ ಬಳಸಿ. ಕಂಪ್ರೆಸರ್ ಗಾಳಿಯನ್ನ ಒಂದೇ ಸಲ ಒಳಕ್ಕೆ ಹೊಡೀಬೇಡಿ, ಹೊರಗೆ ಹೋಗೋ ಹೊಟ್ಟಿಗಿಂತ ಸ್ವಿಚ್ಚಿಗೂ ಬೇರಿಂಗ್‌ಗೂ ನುಗ್ಗೋ ಹೊಟ್ಟೇ ಜಾಸ್ತಿ.

ಆಮೇಲೆ ಬ್ಲೇಡ್ ಏರಿಸಿ ಇಳಿಸೋ ಸ್ಕ್ರೂ, ಓರೆ ಮಾಡೋ ಹಲ್ಲಿನ ಪಟ್ಟಿ. ಹಳೇ ಟೂತ್‌ಬ್ರಷ್‌ಗೆ ಸೀಮೆಎಣ್ಣೆ ಇಲ್ಲವೇ ಪೇಂಟ್ ಅಂಗಡಿಯ ಟರ್ಪಂಟೈನ್ ಅದ್ದಿ ಉಜ್ಜಿ. ಬಟ್ಟೇಲಿ ಒರೆಸಿ ಅರ್ಧ ಗಂಟೆ ಬಿಡಿ, ವಾಸನೆ ಪೂರ್ತಿ ಹೋಗೋವರೆಗೆ ಪ್ಲಗ್ ಹಾಕಬೇಡಿ. ಕಾರ್ಬನ್ ಬ್ರಷ್ ಇರೋ ಮೋಟಾರ್ ಒಳಗೆ ಕಿಡಿ ಇದ್ದೇ ಇರುತ್ತೆ. ಒಣಗಿದ ಮೇಲೆ ಪಿಟಿಎಫ್‌ಇ ಡ್ರೈ ಸ್ಪ್ರೇ (ಟೆಫ್ಲಾನಿನ ಒಣ ಪದರ ಬಿಡೋದು) ಅಥವಾ ಮೇಣ. ಸ್ಕ್ರೂ ತಿರುಗಿಸೋ ಕೈಚಕ್ರವನ್ನ ಕೊನೆಯಿಂದ ಕೊನೆಗೆ ಮೂರು ನಾಲ್ಕು ಸಲ ತಿರುಗಿಸಿ ಹರಡಿ, ಉಳಿದದ್ದನ್ನ ಒರೆಸಿ.

ಬಹಳ ಜನ ನೋಡದೇ ಬಿಡೋ ಜಾಗ ಬ್ಲೇಡನ್ನ ಸರಿಯಾದ ಕೋನಕ್ಕೆ ನಿಲ್ಲಿಸೋ 90 ಮತ್ತು 45 ಡಿಗ್ರಿ ಸ್ಟಾಪ್ ಬೋಲ್ಟುಗಳು. ಬೋಲ್ಟಿನ ತಲೆ ಮತ್ತು ಅದು ತಾಗೋ ಕಬ್ಬಿಣದ ನಡುವೆ ಹೊಟ್ಟು ಸಿಕ್ಕಿಕೊಂಡು, ಪ್ರತಿ ಸಲ ಒತ್ತಿ ಒತ್ತಿ ಬಿಲ್ಲೆ ಥರ ಗಟ್ಟಿಯಾಗುತ್ತೆ. ತಿರುಗೋ ಕೇಂದ್ರದಿಂದ 150 ಮಿಮೀ ದೂರದಲ್ಲಿ ಸ್ಟಾಪ್ ಇದ್ದು, ಅಲ್ಲಿ ಅರ್ಧ ಮಿಮೀ ಬಿಲ್ಲೆ ಕೂತರೆ ಬ್ಲೇಡ್ ಸುಮಾರು 0.2 ಡಿಗ್ರಿ ವಾಲುತ್ತೆ. ಮೂಲೆಮಟ್ಟ ಇಟ್ಟು ನೋಡಿ "ಔಟ್ ಆಗಿದೆ" ಅಂತ ಬೋಲ್ಟ್ ತಿರುಗಿಸಿ ಸರಿ ಮಾಡ್ತೀರಿ. ಒಂದು ದಿನ ಬಿಲ್ಲೆ ತಾನೇ ಉದುರುತ್ತೆ, ಆಗ ಇನ್ನೊಂದು ಕಡೆಗೆ ಔಟ್. ಬೋಲ್ಟ್ ಮುಟ್ಟೋ ಮುಂಚೆ ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಅಲ್ಲಿ ಕೆರೆದು ನೋಡಿ.

ಉಳಿದ ಮೆಷಿನ್‌ಗಳ ಬಗ್ಗೆ ಗೊತ್ತಿರೋರು ಬರೀರಿ.

ಮದ್ದೂರು ಮರ

ಚೆನ್ನಾಗ್ ಬರ್ದಿದ್ದೀರ ಅಣ್ಣ. ಒಂದ್ ಡೌಟು. ನಮ್ ಕಡೆ ಎಲ್ರೂ ಸ್ಕ್ರೂಗೆ ಎಪಿ3 ಗ್ರೀಸೇ ಮೆತ್ತೋದು. ಕಂಪ್ನಿಯೋರೂ ಗ್ರೀಸ್ ಹಾಕೇ ಕಳ್ಸಿರ್ತಾರಲ್ಲ? ಗ್ರೀಸ್ ಬ್ಯಾಡ ಅಂದ್ರೆ ಕಬ್ಣ ಕಬ್ಣ ಉಜ್ಕಂಡು ಸವ್ದೋಗಕಿಲ್ವ?

ಕುವೆಂಪುನಗರ ಗ್ಯಾರೇಜ್

ಕಂಪನಿಯವರ ಗ್ರೀಸ್ ಅರ್ಧ ಸಾಗಾಣಿಕೆಯಲ್ಲಿ ತುಕ್ಕು ಹಿಡೀದಿರಲಿ ಅಂತ. ಗ್ರೀಸ್ ಕೆಟ್ಟದ್ದು ಅಂತಲ್ಲ ಅಣ್ಣ, ಅದು ಇರಬೇಕಾದ್ದು ಮುಚ್ಚಿದ ಜಾಗದಲ್ಲಿ: ಗೇರ್‌ಬಾಕ್ಸ್, ಮುಚ್ಚಳ ಇರೋ ಬೇರಿಂಗ್. ಬ್ಲೇಡಿನ ಕೆಳಗೆ ತೆರೆದಿರೋ ಸ್ಕ್ರೂಗೆ ಹಾಕಿದ್ರೆ ಒಂದು ಶೀಟ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೊಯ್ಯೋ ಹೊತ್ತಿಗೆ ಕಣಕದ ಥರ ಆಗುತ್ತೆ. ತೇಗದ ಹೊಟ್ಟಾದ್ರೆ ಇನ್ನೂ ಕಷ್ಟ, ತೇಗದಲ್ಲಿ ಸಿಲಿಕಾ ಇದೆ. ಗ್ರೀಸ್ ಜೊತೆ ಸೇರಿ ಇಂಜಿನ್ ವಾಲ್ವ್ ಉಜ್ಜೋಕೆ ಹಾಕೋ ಗ್ರೈಂಡಿಂಗ್ ಪೇಸ್ಟ್‌ನ ತಮ್ಮ ಆಗುತ್ತೆ. ಅಂಥ ಗ್ರೀಸೇ ಸ್ಕ್ರೂ ಸವೆಸೋದು. ಮನೆಯಲ್ಲಿ ಬ್ಲೇಡ್ ಏರಿಸಿ ಇಳಿಸೋದು ದಿನಕ್ಕೆ ಹತ್ತಿಪ್ಪತ್ತು ಸಲ, ಅದೂ ಕೈಯಲ್ಲಿ, ನಿಧಾನವಾಗಿ. ಆ ಭಾರಕ್ಕೆ ಮೇಣ ಧಾರಾಳ.

ಬೀಟೆ ಕೊರಡು

ಬ್ಲೇಡ್ ವಿಷಯ ನಾನು ಬರೆಯುತ್ತೇನೆ. ಬ್ಲೇಡ್ ಮೊಂಡಾಗಿದೆ ಎಂದು ಸಾಣೆಗೆ ಕೊಡುವವರಲ್ಲಿ ಬಹಳಷ್ಟು ಜನರ ಬ್ಲೇಡ್ ನಿಜವಾಗಿ ಕೊಳೆಯಾಗಿರುತ್ತದೆ, ಅಷ್ಟೆ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರದಲ್ಲಿ ರಾಳ, ಪ್ಲೈವುಡ್ಡಿನಲ್ಲಿ ಅಂಟು, ಹಲಸಿನಲ್ಲಿ ಹಳದಿ ಜಿಗುಟು. ಇದು ಹಲ್ಲಿನ ಬದಿಗೆ ಕಂದು ಬಣ್ಣಕ್ಕೆ ಅಂಟಿಕೊಂಡು, ಹಲ್ಲು ಮತ್ತು ಬ್ಲೇಡಿನ ತಟ್ಟೆಯ ನಡುವಿನ ಬಿಡುವನ್ನು ತಿನ್ನುತ್ತದೆ. ಆಗ ತಟ್ಟೆಯೂ ಮರಕ್ಕೆ ಉಜ್ಜುತ್ತದೆ, ಬಿಸಿಯಾಗುತ್ತದೆ, ಕೊಯ್ದ ಅಂಚು ಸುಟ್ಟು ಕಪ್ಪಾಗುತ್ತದೆ, ಬಿಸಿಗೆ ರಾಳ ಮತ್ತಷ್ಟು ಅಂಟುತ್ತದೆ.

ತೊಳೆಯುವ ಕ್ರಮ: ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ 2 ಲೀಟರ್ ಬಿಸಿ ನೀರು, ಕೈ ಅದ್ದಬಹುದಾದಷ್ಟೇ ಬಿಸಿ. ಅದಕ್ಕೆ ನಾಲ್ಕು ಚಮಚ ವಾಷಿಂಗ್ ಸೋಡಾ, ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್. 10ರಿಂದ 15 ನಿಮಿಷ ಮುಳುಗಿಸಿ, ನೈಲಾನ್ ಬ್ರಷ್‌ನಿಂದ ಮಧ್ಯದಿಂದ ಹೊರಕ್ಕೆ ಉಜ್ಜಿ. ಹಲ್ಲಿನ ಹಿಂದಿನ ಮೂಲೆ ಮರೆಯಬೇಡಿ. ತೊಳೆದು ತಕ್ಷಣ ಬಟ್ಟೆಯಲ್ಲಿ ಒತ್ತಿ ಒರೆಸಿ, ಬಿಸಿಲಿನಲ್ಲಿ ಹತ್ತು ನಿಮಿಷ. ನಂತರ ಹೊಲಿಗೆ ಮೆಷಿನ್ ಎಣ್ಣೆ ಸೋಕಿದ ಬಟ್ಟೆಯಿಂದ ಒಮ್ಮೆ ಸವರಿ ಮತ್ತೆ ಒಣ ಬಟ್ಟೆಯಲ್ಲಿ ಒರೆಸಿ. ಮೊದಲು ಒಂದು ಹಳೆಯ ಮರ ಕೊಯ್ದು ಆಮೇಲೆ ಒಳ್ಳೆಯ ಮರಕ್ಕೆ ಹಾಕಿ.

ಅಲ್ಯೂಮಿನಿಯಂ ತಟ್ಟೆಯಲ್ಲಿ ಈ ನೀರು ಹಾಕಬೇಡಿ, ಸೋಡಾ ಅದನ್ನು ಕಪ್ಪು ಮಾಡುತ್ತದೆ. ರೌಟರ್ (ಮರದಲ್ಲಿ ಕಾಲುವೆ, ಅಂಚು ಕೊರೆಯುವ ಮೆಷಿನ್) ಬಿಟ್ ತೊಳೆಯುವುದಾದರೆ ತುದಿಯ ಬೇರಿಂಗ್ ಬಿಚ್ಚಿಟ್ಟು ತೊಳೆಯಿರಿ. ಸೋಡಾ ನೀರು ಒಳಗೆ ಹೋದರೆ ಅದರ ಗ್ರೀಸ್ ಹೋಯಿತು, ಒಂದು ವಾರದಲ್ಲಿ ಬೇರಿಂಗ್ ಹಿಡಿದುಕೊಂಡು ಮರದ ಅಂಚನ್ನು ಸುಡುತ್ತದೆ.

ಆರ್‌ಪಿಎಂ 1440

ಓವನ್ ಕ್ಲೀನರ್ ಹೊಡೆದ್ರೆ ಎರಡು ನಿಮಿಷದ ಕೆಲಸ. ವಿದೇಶದ ವೀಡಿಯೋಗಳಲ್ಲಿ ಎಲ್ಲ ಅದನ್ನೇ ತೋರಿಸ್ತಾರೆ. ಇಲ್ಲಿ ಡ್ರೈನ್ ತೊಳೆಯೋ ಕಾಸ್ಟಿಕ್ ಸೋಡಾ ಸಿಗುತ್ತಲ್ಲ, ಅದೂ ಅದೇ ತಾನೇ?

ಬೀಟೆ ಕೊರಡು

ದಯವಿಟ್ಟು ಬೇಡ. ಬ್ಲೇಡಿನ ತುದಿಯಲ್ಲಿರುವುದು ಟಂಗ್‌ಸ್ಟನ್ ಕಾರ್ಬೈಡಿನ ಕಣಗಳು, ಅವನ್ನು ಹಿಡಿದಿಟ್ಟಿರುವುದು ಕೋಬಾಲ್ಟ್. ಗಟ್ಟಿ ಕ್ಷಾರ ಕೋಬಾಲ್ಟನ್ನು ದುರ್ಬಲ ಮಾಡುತ್ತದೆ ಎಂದು ಬ್ಲೇಡ್ ತಯಾರಕರೇ ಎಚ್ಚರಿಸುತ್ತಾರೆ. ಅದಕ್ಕಿಂತ ಮುಖ್ಯವಾಗಿ ಕಾಸ್ಟಿಕ್ ಚರ್ಮ ಸುಡುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗುತ್ತದೆ. ಹತ್ತು ನಿಮಿಷ ಉಳಿಸಲು ಅದೆಲ್ಲ ಯಾಕೆ? ಸೋಡಾಕ್ಕೆ ಬಗ್ಗದ ಕಲೆ ಇದ್ದರೆ ಇನ್ನೊಂದು ಹತ್ತು ನಿಮಿಷ ನೆನೆಸಿ. ಕಬ್ಬಿಣದ ಬ್ರಷ್, ಚಾಕು ಮುಟ್ಟಿಸಬೇಡಿ, ಕಾರ್ಬೈಡ್ ಗಟ್ಟಿಯಾದರೂ ಅಂಚು ಗಾಜಿನಂತೆ ಸಿಡಿಯುತ್ತದೆ.

ಮದ್ದೂರು ಮರ

ಹೊಲ್ಗೆ ಮಿಷನ್ ಎಣ್ಣೆ ಅಂದ್ರಲ್ಲ ಸಾ, ಮನೇಲಿ ಕೊಬ್ರಿ ಎಣ್ಣೆ ಐತೆ, ಹಳ್ಳೆಣ್ಣೆ ಐತೆ. ಗಾಡಿ ಕೀಲ್ಗೆ ನಮ್ ತಾತನ್ ಕಾಲ್ದಿಂದ ಹಳ್ಳೆಣ್ಣೆನೇ ಬುಡ್ತಿದ್ದಿದ್ದು. ಅದ್ ಆಗಕಿಲ್ವ?

ವಿಜಯನಗರ ನಾಲ್ಕನೇ ಹಂತ

ಎತ್ತಿನ ಗಾಡಿಗೆ ಆಗುತ್ತೆ, ಅಲ್ಲಿ ವಾರಕ್ಕೊಂದು ಸಲ ಹೊಸ ಎಣ್ಣೆ ಬಿಡ್ತಾ ಹಳೇದನ್ನ ಹೊರಗೆ ತಳ್ತಾ ಇರ್ತಾರೆ. ನಮ್ಮ ಮೆಷಿನ್ ತಿಂಗಳುಗಟ್ಟಲೆ ಸುಮ್ಮನೆ ನಿಂತಿರುತ್ತೆ. ಅಡುಗೆಮನೆ ಎಣ್ಣೆಗಳು ಗಾಳಿ ತಾಗಿ ನಿಧಾನಕ್ಕೆ ಅಂಟಾಗ್ತವೆ. ಒಗ್ಗರಣೆ ಡಬ್ಬದ ಹೊರಗೆ ಕೈ ಇಟ್ರೆ ಅಂಟುತ್ತಲ್ಲ, ಅದೇ ಅಂಟು ನಿಮ್ಮ ಡ್ರಿಲ್ ಚಕ್ ಒಳಗೆ ಅಂದ್ಕೊಳ್ಳಿ. ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆ ಬೇಗ ಅಂಟಾಗ್ತವೆ. ಕೊಬ್ಬರಿ ಎಣ್ಣೆ ಅಷ್ಟು ಬೇಗ ಅಂಟಾಗಲ್ಲ, ಆದ್ರೆ 24-25 ಡಿಗ್ರಿಗಿಂತ ಕೆಳಗೆ ಬಂದ್ರೆ ಹೆಪ್ಪುಗಟ್ಟುತ್ತೆ. ಮೈಸೂರಲ್ಲಿ ಡಿಸೆಂಬರ್-ಜನವರಿ ಬೆಳಗ್ಗೆ 16 ಡಿಗ್ರಿ ಆಸುಪಾಸು ಇರುತ್ತೆ. ಬಾಟಲಿಯಲ್ಲಿ ಬೆಳ್ಳಗೆ ಗಟ್ಟಿಯಾಗಿರೋದು ನೋಡಿದ್ದೀರಲ್ಲ, ಬುಷ್ (ಶಾಫ್ಟ್ ತಿರುಗೋ ಲೋಹದ ಬಳೆ) ಒಳಗೂ ಹಾಗೇ.

ಬೈಕಿನ ಹಳೇ ಇಂಜಿನ್ ಆಯಿಲ್ ಅಂತೂ ಬೇಡವೇ ಬೇಡ. ಅದರಲ್ಲಿ ಮಸಿ, ಲೋಹದ ಪುಡಿ, ಆಮ್ಲ ಎಲ್ಲ ಇರುತ್ತೆ, ಮರಕ್ಕೆ ಹತ್ತಿದ್ರೆ ಕಪ್ಪು ಕಲೆ ಹೋಗಲ್ಲ. ಹೊಸ 20ಡಬ್ಲ್ಯೂ-40 ಆದ್ರೆ ಹಿತ್ತಾಳೆ ಬುಷ್‌ಗಳಿಗೆ ಪರವಾಗಿಲ್ಲ.

ಮನೆ ವರ್ಕ್‌ಶಾಪಿಗೆ ನಾಲ್ಕೇ ಸಾಮಾನು ಸಾಕು: ಹೊಲಿಗೆ ಮೆಷಿನ್ ಎಣ್ಣೆ 100 ಎಂಎಲ್, ಲಿಥಿಯಂ ಗ್ರೀಸ್ ಅರ್ಧ ಕೇಜಿ ಡಬ್ಬಿ (ಐದಾರು ವರ್ಷ ಬರುತ್ತೆ), ಒಂದು ಪಿಟಿಎಫ್‌ಇ ಡ್ರೈ ಸ್ಪ್ರೇ, ಮೇಣ. ಡಬ್ಲ್ಯೂಡಿ-40 ಐದನೇದು. ಅದನ್ನ ಲೂಬ್ರಿಕೆಂಟ್ ಅಂತ ಲೆಕ್ಕ ಹಾಕಬೇಡಿ. ನೀರು ಓಡಿಸೋಕೆ, ಹಿಡ್ಕೊಂಡ ಬೋಲ್ಟ್ ಬಿಡಿಸೋಕೆ, ಜಿಡ್ಡು ತೊಳೆಯೋಕೆ ಒಳ್ಳೇದು. ಅದು ಆರಿಹೋದ ಮೇಲೆ ಉಳಿಯೋ ಪದರ ಬಹಳ ತೆಳು.

ಇನ್ನೊಂದು: ಸಿಲಿಕೋನ್ ಸ್ಪ್ರೇ, ಸಿಲಿಕೋನ್ ಇರೋ ಕಾರ್ ಪಾಲಿಶ್ ವರ್ಕ್‌ಶಾಪ್ ಒಳಗೇ ಬರಬಾರದು. ಟೇಬಲ್‌ನಿಂದ ಮರಕ್ಕೆ ಹತ್ತಿದ ಸಿಲಿಕೋನ್ ಮೇಲೆ ಪಾಲಿಶ್ ನಿಲ್ಲಲ್ಲ, ಮೀನಿನ ಕಣ್ಣಿನ ಥರ ಗುಂಡು ಗುಂಡಾಗಿ ಬಿಟ್ಟುಕೊಳ್ಳುತ್ತೆ. ಆಮೇಲೆ ಪಾಲಿಶ್ ಹೊಡೆಯೋರ ಮೇಲೆ ತಪ್ಪು ಹೊರಿಸ್ತೀರಿ.

ಆರ್‌ಪಿಎಂ 1440

ಮೇಡಂ, ಮೇಣ ಅಂದ್ರೆ ಯಾವುದು? ನೆಲಕ್ಕೆ ಹಚ್ಚೋ ಕೆಂಪು ಪಾಲಿಶ್ ನಡೆಯುತ್ತಾ?

ವಿಜಯನಗರ ನಾಲ್ಕನೇ ಹಂತ

ಕೆಂಪು ಬೇಡ, ಅದರ ಬಣ್ಣ ತಿಳಿ ಬಣ್ಣದ ಮರಕ್ಕೆ ಹತ್ತುತ್ತೆ. ಮನೆಯಲ್ಲೇ ಮಾಡ್ಕೊಳ್ಳಿ. ಜೇನುಮೇಣ 100 ಗ್ರಾಂ, ಟರ್ಪಂಟೈನ್ 300 ಎಂಎಲ್. ಮೇಣ ತುರಿದು ಸ್ಟೀಲ್ ಪಾತ್ರೆಗೆ ಹಾಕಿ, ಅದನ್ನ ಬಿಸಿನೀರಿನ ಪಾತ್ರೆಯಲ್ಲಿ ಇಡಿ. ನೇರ ಉರಿ ಬೇಡ, 65 ಡಿಗ್ರಿಗೆ ತಾನಾಗೇ ಕರಗುತ್ತೆ. ಒಲೆ ಆರಿಸಿ, ಪಾತ್ರೆ ಅಂಗಳಕ್ಕೆ ತಂದು, ಆಮೇಲೇ ಟರ್ಪಂಟೈನ್ ಹುಯ್ದು ಕಲಸಿ. ಅಡುಗೆಮನೆಯಲ್ಲಿ ಹುಯ್ದರೆ ಆವಿಗೆ ಬೆಂಕಿ ಹಿಡಿಯುತ್ತೆ. ಆರಿದ ಮೇಲೆ ಬೆಣ್ಣೆ ಹದಕ್ಕೆ ಬರಬೇಕು. ಗಟ್ಟಿಯಾದ್ರೆ ಮತ್ತೆ ಬಿಸಿನೀರಲ್ಲಿಟ್ಟು ಸ್ವಲ್ಪ ಟರ್ಪಂಟೈನ್.

ಹಚ್ಚೋದು ತೆಳ್ಳಗೆ, ಹತ್ತು ಹದಿನೈದು ನಿಮಿಷ ಬಿಟ್ಟು ಹತ್ತಿ ಬಟ್ಟೆಯಲ್ಲಿ ಹೊಳಪು ಬರೋವರೆಗೆ ಉಜ್ಜಿ. ಮರ ತಳ್ಳಿದ್ರೆ ಜಾರಬೇಕು, ಬೆರಳು ಎಳೆದ್ರೆ ಗೆರೆ ಬೀಳಬಾರದು. ಗೆರೆ ಬಿದ್ರೆ ಮೇಣ ಜಾಸ್ತಿಯಾಗಿದೆ, ಅದೂ ಹೊಟ್ಟು ಹಿಡಿಯುತ್ತೆ.

ಪಾಂಡವಪುರ ಗರಗಸ

ಬ್ಯಾಂಡ್ ಸಾ (ಎರಡು ಚಕ್ರದ ಮೇಲೆ ಪಟ್ಟಿ ಬ್ಲೇಡ್ ಓಡೋದು), ಪ್ಲೇನರ್ (ಮರದ ಮೈ ಹೆರೆದು ದಪ್ಪ ಸಮ ಮಾಡೋದು) ನನ್ನ ಪಾಲಿಗಿರಲಿ.

14 ಇಂಚಿನ ಬ್ಯಾಂಡ್ ಸಾದಲ್ಲಿ ಬ್ಲೇಡ್ ಗೆರೆ ಬಿಟ್ಟು ಓಡ್ತದೆ, ಮೆಷಿನ್ ಅದುರ್ತದೆ ಅನ್ನೋ ದೂರಿಗೆ ಮೊದಲು ನೋಡಬೇಕಾದ್ದು ಚಕ್ರದ ರಬ್ಬರ್ ಟೈರು. ಕೆಳಗಿನ ಚಕ್ರದ ಮೇಲೆ ಹೊಟ್ಟು, ರಾಳ ಸೇರಿ ರೊಟ್ಟಿ ಕಟ್ಟಿರ್ತದೆ. ಟೆನ್ಷನ್ ಇಳಿಸಿ, ಬ್ಲೇಡ್ ತೆಗೆದು, ಚಕ್ರವನ್ನ ಕೈಯಲ್ಲಿ ತಿರುಗಿಸ್ತಾ ಪ್ಲಾಸ್ಟಿಕ್ ಚೂರಿನಲ್ಲಿ (ಹಳೇ ಎಟಿಎಂ ಕಾರ್ಡ್ ಸಾಕು) ಕೆರೆದು ಬಿಡಿಸಿ. ಸೀಮೆಎಣ್ಣೆ, ಟರ್ಪಂಟೈನ್ ಟೈರಿಗೆ ತಾಗಿಸಬೇಡಿ, ರಬ್ಬರ್ ಉಬ್ಬಿ ಚಕ್ರದಿಂದ ಬಿಟ್ಟುಕೊಳ್ತದೆ. ಸೋಪ್ ನೀರಿನ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಕೆಳಗಿನ ಚಕ್ರಕ್ಕೆ ತಾಗೋ ಹಾಗೆ ಒಂದು ಬ್ರಷ್ ಇರಬೇಕು. ಅದರ ಕೂದಲು ಸವೆದಿದ್ರೆ ಹಳೇ ನೈಲಾನ್ ಬ್ರಷ್ ಕತ್ತರಿಸಿ ಸ್ಕ್ರೂ ಹಾಕಿ ಕೂರಿಸಿ.

ಗೈಡ್ ಬೇರಿಂಗ್‌ಗಳನ್ನ ಬೆರಳಲ್ಲಿ ತಿರುಗಿಸಿ ನೋಡಿ. ಬ್ಲೇಡಿನ ಹಿಂದಿನ ಬೇರಿಂಗ್ ಖಾಲಿ ಓಡುವಾಗ ತಿರುಗಬಾರದು, ಮರ ತಳ್ಳಿದಾಗ ಮಾತ್ರ ತಿರುಗಬೇಕು. ಒಂದು ಕಾಗದದ ದಪ್ಪದಷ್ಟು ಸಂದು ಬಿಡಿ. ಯಾವಾಗಲೂ ತಾಗಿಕೊಂಡೇ ಇದ್ರೆ ಅದರ ಮುಖದ ಮೇಲೆ ಬ್ಲೇಡ್ ಕಾಲುವೆ ಕೊರೆದಿರ್ತದೆ. ವಾರಗಟ್ಟಲೆ ಮುಟ್ಟೋದಿಲ್ಲ ಅಂದ್ರೆ ಟೆನ್ಷನ್ ಇಳಿಸಿಡಿ, ಇಲ್ಲದಿದ್ರೆ ಟೈರಿನಲ್ಲಿ ತಗ್ಗು ಬೀಳ್ತದೆ. ಇಳಿಸಿದ್ದೀನಿ ಅಂತ ಚೀಟಿ ಅಂಟಿಸಿ, ಮರೆತು ಆನ್ ಮಾಡಿದ್ರೆ ಬ್ಲೇಡ್ ಕಳಚಿ ಬರ್ತದೆ.

ಪ್ಲೇನರ್: ಮರ ಒಳಕ್ಕೆ ಹೋಗ್ದೆ ನಿಂತರೆ ಎಲ್ಲರೂ ಚಾಕು ಮೊಂಡಾಯ್ತು ಅಂತಾರೆ. ಮೊದಲು ಮರವನ್ನ ಒಳಕ್ಕೆ ಎಳೆಯೋ ಫೀಡ್ ರೋಲರ್ ನೋಡಿ. ಕರಿ ರಬ್ಬರ್ ಮೇಲೆ ಹೊಳಪು ಬಂದಿದ್ರೆ ಅದು ರಾಳದ ಪದರ, ಹಿಡಿತ ಹೋಗಿದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಲ್ಲಿ, ಪ್ಲಗ್ ತೆಗೆದು, ಕೈಯಲ್ಲಿ ತಿರುಗಿಸ್ತಾ ಒರೆಸಿ. ಕೈ ಅಲ್ಲಿರುವಾಗ ಪಕ್ಕದಲ್ಲೇ ಚಾಕು ಇರ್ತದೆ, ದಪ್ಪ ಕೈಗವಸು ಹಾಕಿ. ಎರಡನೇದು ಕೆಳಗಿನ ಹಾಸು. ಅದಕ್ಕೆ ಮೇಣ ಹಚ್ಚಿ ಉಜ್ಜಿದ್ರೆ ಅರ್ಧ ಸಮಸ್ಯೆ ಅಲ್ಲೇ ಹೋಗ್ತದೆ. ಮೇಣ ಹಾಸಿಗೆ, ರೋಲರಿಗಲ್ಲ!

ಹೆಡ್ ಏರಿಸೋ ನಾಲ್ಕು ಕಂಬ ಮತ್ತು ಸ್ಕ್ರೂಗೆ ಡ್ರೈ ಸ್ಪ್ರೇ. ಪಕ್ಕದ ಮುಚ್ಚಳದೊಳಗಿನ ಚೈನಿಗೆ ಎರಡು ಮೂರು ಹನಿ ಎಣ್ಣೆ ಬಿಟ್ಟು ಸುತ್ತಿಸಿ, ಹೊರಗಿನದನ್ನ ಒರೆಸಿ. ಎಣ್ಣೆ ಬೇಕಾದ್ದು ಚೈನಿನ ಪಿನ್ ಒಳಗೆ. ರೋಲರಿನ ಎರಡೂ ತುದಿಗೆ ಹಿತ್ತಾಳೆ ಬುಷ್ ಇದ್ರೆ ಒಂದೊಂದು ಹನಿ, ರಬ್ಬರಿಗೆ ಹರಿಯದ ಹಾಗೆ.

ಆರ್‌ಪಿಎಂ 1440

ನನ್ನದು ಕ್ಲೀನಿಂಗ್ ಪ್ರಶ್ನೆಯೋ ಮೋಟಾರ್ ಪ್ರಶ್ನೆಯೋ ಗೊತ್ತಿಲ್ಲ. 1 ಎಚ್‌ಪಿ ಸಿಂಗಲ್ ಫೇಸ್, ಬೆಲ್ಟ್ ಡ್ರೈವ್. ಸ್ವಿಚ್ ಹಾಕಿದ್ರೆ ಹೂಂ ಅನ್ನುತ್ತೆ, ತಿರುಗಲ್ಲ. ಕೆಲವು ಸಲ ಸರಿಯಾಗೇ ಸ್ಟಾರ್ಟ್ ಆಗುತ್ತೆ. ಬೇರಿಂಗ್ ಹಿಡಿದಿಲ್ಲ, ಕೈಯಲ್ಲಿ ಹಗುರವಾಗಿ ತಿರುಗುತ್ತೆ. ಹೊಸ ಕೆಪಾಸಿಟರ್ ಹಾಕಿದ್ದಾಯ್ತು.

ಹೆಬ್ಬಾಳ ವೈಂಡಿಂಗ್

ಕ್ಲೀನಿಂಗ್ ಪ್ರಶ್ನೆಯೇ ಸರ್. ಹೂಂ ಅಂತ ನಿಂತಾಗ ಸ್ವಿಚ್ ಹಾಕಿಕೊಂಡು ಕಾಯಬೇಡಿ, ಎರಡು ಸೆಕೆಂಡಲ್ಲಿ ಆಫ್. ಇಲ್ಲದಿದ್ರೆ ವೈಂಡಿಂಗ್ ಸುಡುತ್ತೆ. ಬ್ಲೇಡನ್ನ ಕೈಯಿಂದ ತಳ್ಳಿ ಸ್ಟಾರ್ಟ್ ಮಾಡೋ ಚಟ ಬೇಡ.

ಕೆಪಾಸಿಟರ್ ಸ್ಟಾರ್ಟ್ ಮೋಟಾರಿನಲ್ಲಿ ಸೆಂಟ್ರಿಫ್ಯೂಗಲ್ ಸ್ವಿಚ್ ಇರುತ್ತೆ. ನಿಂತಿರುವಾಗ ಅದರ ಪಾಯಿಂಟ್ ಕೂಡಿರಬೇಕು, ವೇಗ ಬಂದ ಮೇಲೆ ಬಿಡಬೇಕು. ತೆರೆದ ಮಾದರಿಯ ಮೋಟಾರಾದ್ರೆ ಗಾಳಿ ಕಿಂಡಿಯಿಂದ ಹೊಟ್ಟು ಒಳಗೆ ಹೋಗಿ ಆ ಪಾಯಿಂಟ್ ನಡುವೆ ಕೂರುತ್ತೆ. ಪಾಯಿಂಟ್ ಕೂಡದಿದ್ರೆ ಸ್ಟಾರ್ಟಿಂಗ್ ವೈಂಡಿಂಗ್‌ಗೆ ಕರೆಂಟ್ ಹೋಗಲ್ಲ, ಹೂಂ ಅನ್ನುತ್ತೆ. ಹೊಟ್ಟು ಜರುಗಿದ ದಿನ ಸ್ಟಾರ್ಟ್ ಆಗುತ್ತೆ. ನೀವು ಹೇಳೋ ಲಕ್ಷಣ ಅದೇ.

ಬಿಚ್ಚೋ ಕ್ರಮ: ಪ್ಲಗ್ ತೆಗೆದು ಐದು ನಿಮಿಷ ಬಿಡಿ. ಕೆಪಾಸಿಟರ್‌ನ ಎರಡು ತುದಿಗೆ 60 ಅಥವಾ 100 ವ್ಯಾಟಿನ ಹಳೇ ಬಲ್ಬಿನ ಟೆಸ್ಟ್ ಲ್ಯಾಂಪ್ ತಾಗಿಸಿ ಚಾರ್ಜ್ ಇಳಿಸಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸೋದು ಬೇಡ. ಮೋಟಾರಿನ ಎರಡೂ ಮುಚ್ಚಳ ಮತ್ತು ಬಾಡಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆದುಕೊಳ್ಳಿ, ವಾಪಸ್ ಅದೇ ಜಾಗಕ್ಕೆ ಕೂರಬೇಕು. ಹಿಂದಿನ ಮುಚ್ಚಳ ಬಿಚ್ಚಿದ್ರೆ ಪಾಯಿಂಟ್ ಪಟ್ಟಿ ಕಾಣುತ್ತೆ. ಮೆತ್ತನೆ ಬ್ರಷ್ಷಿಂದ ಹೊಟ್ಟು ತೆಗೆದು, ಪಾಯಿಂಟ್ ಕಪ್ಪಾಗಿದ್ರೆ 400 ನಂಬರ್ ಪಾಲಿಶ್ ಪೇಪರ್ ಸಣ್ಣ ಪಟ್ಟಿ ಮಾಡಿ ಎರಡು ಸಲ ಎಳೆಯಿರಿ, ಆಮೇಲೆ ಬಿಳಿ ಕಾಗದ ಒಂದು ಸಲ. ಅಲ್ಲಿಗೆ ಎಣ್ಣೆ, ಸ್ಪ್ರೇ ಏನೂ ಬೇಡ. ಶಾಫ್ಟ್ ಮೇಲಿನ ಸ್ಪ್ರಿಂಗ್ ಇರೋ ತೂಕಗಳು ಸಲೀಸಾಗಿ ಹಿಂದೆ ಮುಂದೆ ಆಡ್ತವಾ ನೋಡಿ.

ಪೂರ್ತಿ ಮುಚ್ಚಿದ, ಹಿಂದೆ ಫ್ಯಾನ್ ಇರೋ ಮೋಟಾರ್ ಆದ್ರೆ ಈ ತೊಂದರೆ ಕಡಿಮೆ. ಅದಕ್ಕೆ ಫ್ಯಾನ್ ಜಾಲರಿ ಮತ್ತು ಮೈಮೇಲಿನ ಏಣುಗಳ ನಡುವಿನ ಹೊಟ್ಟು ತೆಗೆದರೆ ಸಾಕು. ಏಣು ಮುಚ್ಚಿಹೋದ್ರೆ ಬಿಸಿ ಹೊರಗೆ ಹೋಗಲ್ಲ.

ಬೆಲ್ಟ್ ಬಗ್ಗೆಯೂ ಒಂದು ಮಾತು. ಎರಡು ಪುಲ್ಲಿ ನಡುವೆ 40 ಸೆಂಮೀ ಅಂತರ ಇದ್ರೆ ಮಧ್ಯದಲ್ಲಿ ಹೆಬ್ಬೆರಳು ಒತ್ತಿದಾಗ 6-7 ಮಿಮೀ ಬಗ್ಗಬೇಕು. ಬಿಗಿ ಜಾಸ್ತಿಯಾದ್ರೆ ಮೊದಲು ಹೋಗೋದು ಮೋಟಾರಿನ ಮುಂದಿನ ಬೇರಿಂಗ್. ಕಿರ್ ಅಂದ್ರೆ ಎಣ್ಣೆ ಬಿಡೋರಿದ್ದಾರೆ! ಎಣ್ಣೆ ಬಿದ್ದ ಬೆಲ್ಟ್ ಜಾರುತ್ತೆ, ರಬ್ಬರ್ ಕೊಳೆಯುತ್ತೆ. ಪುಲ್ಲಿ ಕಾಲುವೆ ಒರೆಸಿ, ಬೆಲ್ಟ್ ಬಿರುಕು ಬಿಟ್ಟಿದ್ರೆ ಬದಲಾಯಿಸಿ.

ಆರ್‌ಪಿಎಂ 1440

ಬಿಚ್ಚಿ ನೋಡಿದೆ. ಪಾಯಿಂಟ್ ಮಧ್ಯೆ ಹೊಟ್ಟು, ಪಕ್ಕದಲ್ಲೇ ಜೇಡನ ಗೂಡು. ಹತ್ತು ಸಲ ಆನ್ ಆಫ್ ಮಾಡಿದೆ, ಹತ್ತೂ ಸಲ ಸ್ಟಾರ್ಟ್. ಥ್ಯಾಂಕ್ಸ್ ಗುರುಗಳೇ. ಬಿಚ್ಚಿದಾಗ ಬೇರಿಂಗ್ 6203 ಅಂತ ಕಂಡಿತು, ಸ್ವಲ್ಪ ಗರಗರ ಅನ್ನುತ್ತೆ. ಗ್ರೀಸ್ ತುಂಬಲಾ?

ಹೆಬ್ಬಾಳ ವೈಂಡಿಂಗ್

ಗರಗರ ಅಂದ್ರೆ ಗೋಲಿ ಓಡೋ ದಾರಿ ಹಾಳಾಗಿದೆ, ಗ್ರೀಸ್ ತುಂಬಿದ್ರೆ ಸದ್ದು ಒಂದು ತಿಂಗಳು ಅಡಗುತ್ತೆ, ಅಷ್ಟೆ. ಬದಲಾಯಿಸಿ. 6203 ಅಂದ್ರೆ ಒಳಗೆ 17, ಹೊರಗೆ 40, ಅಗಲ 12 ಮಿಮೀ. 6202 ಆದ್ರೆ 15, 35, 11. 6204 ಆದ್ರೆ 20, 47, 14. ಅಂಗಡಿಯಲ್ಲಿ ನಂಬರ್ ಜೊತೆ "2ಆರ್‌ಎಸ್" ಅಂತ ಕೇಳಿ, ಅದು ರಬ್ಬರ್ ಮುಚ್ಚಳದ್ದು. "ಝಡ್‌ಝಡ್" ಅಂದ್ರೆ ತಗಡಿನ ಮುಚ್ಚಳ, ಅದರ ಸಂದಿಯಿಂದ ನುಣ್ಣನೆ ಹೊಟ್ಟು ಒಳಗೆ ಹೋಗುತ್ತೆ. ಮರಗೆಲಸಕ್ಕೆ ರಬ್ಬರೇ ಮೇಲು. ಎರಡರಲ್ಲೂ ಗ್ರೀಸ್ ಕಂಪನಿಯಲ್ಲೇ ತುಂಬಿರುತ್ತೆ, ಮುಚ್ಚಳ ಎಬ್ಬಿಸಿ ಸೇರಿಸೋ ಅಗತ್ಯ ಇಲ್ಲ.

ಶಾಫ್ಟಿಗೆ ಕೂರಿಸುವಾಗ ಒಳ ಬಳೆಗೆ ಮಾತ್ರ ಒತ್ತಡ, ಅದೇ ಅಳತೆಯ ಪೈಪ್ ಇಟ್ಟು ತಟ್ಟಿ. ಹೊರ ಬಳೆಗೆ ಸುತ್ತಿಗೆ ಬಿದ್ದರೆ ಗೋಲಿಗಳು ದಾರಿ ಮೇಲೆ ಗುಳಿ ಒತ್ತುತ್ತವೆ, ಹೊಸ ಬೇರಿಂಗ್ ಮೊದಲ ದಿನವೇ ಗರಗರ.

ವಿಜಯನಗರ ನಾಲ್ಕನೇ ಹಂತ

ರೌಟರ್ ಯಾರೂ ಬರೆದಿಲ್ಲ. ಕಾಲೆಟ್ (ಬಿಟ್ ಹಿಡಿಯೋ ಸೀಳು ಕೊಳವೆ) ಒಳಗೆ ಎಣ್ಣೆ ಹಾಕಲೇಬೇಡಿ. ಬಿಟ್ ಜಾರಿ ಕೆಳಗಿಳಿದು ಮರದಲ್ಲಿ ಆಳ ತಪ್ಪೋದಕ್ಕೆ ಅರ್ಧ ಕಾರಣ ಎಣ್ಣೆ, ಇನ್ನರ್ಧ ಹೊಟ್ಟು. ಹಿತ್ತಾಳೆ ಬ್ರಷ್ ಒಳಗೆ ತಿರುಗಿಸಿ ಒಣಗಿಸಿ ಇಡಿ, ಬಿಟ್‌ನ ಕಾಲನ್ನೂ ಒರೆಸಿ. ಬಿಟ್ ಪೂರ್ತಿ ಒಳಗೆ ತಾಗಿಸಿ, 2-3 ಮಿಮೀ ಹಿಂದಕ್ಕೆ ಎಳೆದು ಬಿಗಿ ಮಾಡಿ. ಕಾರ್ಬನ್ ಬ್ರಷ್ 5-6 ಮಿಮೀಗೆ ಬಂದಿದ್ರೆ ಎರಡನ್ನೂ ಒಟ್ಟಿಗೆ ಬದಲಾಯಿಸಿ.

ಮದ್ದೂರು ಮರ

ನಮ್ದು ವಿಶ್ವೇಶ್ವರಯ್ಯ ನಾಲೆ ಪಕ್ಕ. ನೀರ್ ಬುಟ್ಟು ನಾಟಿ ಆದ್ಮೇಲೆ ನಾಕ್ ತಿಂಗ್ಳು ಶೆಡ್ಡೆಲ್ಲ ತಂಡಿ. ಬೀಡಿನ (ಎರಕದ ಕಬ್ಣದ) ಟೇಬ್ಲು ಬೆಳಗ್ಗೆ ಮುಟ್ಟುದ್ರೆ ಬೆವರ್ದಂಗಿರ್ತದೆ. ಗೋಣಿಚೀಲ ಹೊದ್ಸಿದ್ರೂ ತುಕ್ಕು ನಿಲ್ಲಕಿಲ್ಲ. ಪ್ಲಾಸ್ಟಿಕ್ ಟಾರ್ಪಾಲ್ ಹಾಕ್ಲಾ?

ಪಾಂಡವಪುರ ಗರಗಸ

ಗೋಣಿಯೇ ತುಕ್ಕಿಗೆ ಕಾರಣ ಅಣ್ಣ. ಸೆಣಬು ತೇವ ಹೀರಿಕೊಂಡು ಕಬ್ಬಿಣಕ್ಕೆ ಒತ್ತಿ ಹಿಡಿದಿರ್ತದೆ. ಟಾರ್ಪಾಲ್ ಹಾಕಿದ್ರೆ ಒಳಗಿನ ಆವಿ ಹೊರಗೆ ಹೋಗಲ್ಲ, ಟಾರ್ಪಾಲಿನಿಂದಲೇ ಹನಿ ಬೀಳ್ತದೆ. ದಪ್ಪ ಹತ್ತಿ ಬೆಡ್‌ಶೀಟ್ ಒಳ್ಳೇದು. ನಾಟಿ ಕಾಲದಲ್ಲಿ ಮೇಣ ಮೂರು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ತಿಂಗಳಿಗೊಮ್ಮೆ ಸಾಕು. ಹಸಿ ಮರ ಟೇಬಲ್ ಮೇಲೆ ರಾತ್ರಿ ಬಿಡಬೇಡಿ. ಮತ್ತಿಯಂಥ ಒಗರು ಮರದ ನೀರು ಕಬ್ಬಿಣಕ್ಕೆ ತಾಗಿದ್ರೆ ಮರವೂ ಕಪ್ಪು, ಟೇಬಲ್ಲೂ ಕಪ್ಪು.

ಬಂದಿರೋ ತುಕ್ಕಿಗೆ ಸ್ಕಾಚ್‌ಬ್ರೈಟ್ ಮತ್ತು ಸೀಮೆಎಣ್ಣೆ. ಹೋಗದಿದ್ರೆ 320, ಆಮೇಲೆ 400 ನಂಬರ್ ವಾಟರ್ ಪೇಪರ್, ಚಪ್ಪಟೆ ಮರದ ತುಂಡಿಗೆ ಸುತ್ತಿ ಎಣ್ಣೆ ಹಾಕಿ, ಟೇಬಲ್ ಉದ್ದಕ್ಕೇ ಉಜ್ಜಿ. ಬೆರಳಲ್ಲಿ ಒತ್ತಿ ಒಂದೇ ಕಡೆ ಉಜ್ಜಿದ್ರೆ, ಗ್ರೈಂಡರ್ ಹಿಡಿದ್ರೆ ತಗ್ಗು ಬೀಳ್ತದೆ, ಆ ತಗ್ಗು ಯಾವತ್ತೂ ಹೋಗಲ್ಲ.

ಕುವೆಂಪುನಗರ ಗ್ಯಾರೇಜ್

ಕ್ಯಾಬಿನೆಟ್ ಒಳಗೆ 40 ವ್ಯಾಟಿನ ಹಳೇ ಬಲ್ಬ್ ಉರಿಸಿಟ್ರೆ ಕಬ್ಬಿಣ ಸ್ವಲ್ಪ ಬೆಚ್ಚಗಿದ್ದು ಬೆವರಲ್ಲ, ಇದೂ ಒಂದು ದಾರಿ.

ಹೆಬ್ಬಾಳ ವೈಂಡಿಂಗ್

ಹೊಟ್ಟಿರೋ ಪೆಟ್ಟಿಗೆ ಒಳಗೆ ರಾತ್ರಿಯೆಲ್ಲ ಬಿಸಿ ಬಲ್ಬ್ ಬೇಡ ಸರ್. ಬಲ್ಬಿನ ಮೇಲೆ ಹೊಟ್ಟು ಕೂತರೆ ಉರಿಯದೆ ಒಳಗೊಳಗೇ ಕನಲುತ್ತೆ, ಗೊತ್ತಾಗೋ ಹೊತ್ತಿಗೆ ತಡ. ಮೇಣವೇ ವಾಸಿ.

ಕುವೆಂಪುನಗರ ಗ್ಯಾರೇಜ್

ಒಪ್ಪಿದೆ, ಆ ಸಲಹೆ ವಾಪಸ್.

ಬೀಟೆ ಕೊರಡು

ಪೂಜೆಯ ದಿನದ ಬಗ್ಗೆ. ಆಯುಧಪೂಜೆ ಆದ ಮೇಲೆ ವಿಜಯದಶಮಿವರೆಗೆ ಮೆಷಿನ್ ಮುಟ್ಟುವುದಿಲ್ಲ, ಹಾಗಾಗಿ ಹಚ್ಚಿದ್ದೆಲ್ಲ ಒಂದು ಹಗಲು ರಾತ್ರಿ ಅಲ್ಲೇ ಇರುತ್ತದೆ. ನೀರಿನಲ್ಲಿ ಕಲಸಿದ ಕುಂಕುಮ, ವಿಭೂತಿ ಬರಿ ಬೀಡಿನ ಮೇಲೆ ಇದ್ದರೆ ಮಾರನೆಯ ದಿನ ಅಡಿಯಲ್ಲಿ ತುಕ್ಕಿನ ಉಂಗುರ. ಬಣ್ಣ ಬಳಿದ ಬಾಡಿ, ಫೆನ್ಸಿನ (ಮರಕ್ಕೆ ಆಸರೆ ಕೊಡುವ ಪಟ್ಟಿ) ಹಿಡಿ, ಮೋಟಾರ್ ಮುಚ್ಚಳಕ್ಕೆ ಹಚ್ಚಿ. ನಿಂಬೆಹಣ್ಣು ಕೊಯ್ದು ಟೇಬಲ್ ಮೇಲೆ ಇಡಬೇಡಿ, ಹುಳಿ ಕಬ್ಬಿಣವನ್ನು ತಿನ್ನುತ್ತದೆ. ಕೆಳಗೆ ಬಾಳೆಲೆ ಇಲ್ಲವೇ ಪ್ಲೈವುಡ್ ತುಂಡು ಇಡಿ. ತೆಂಗಿನಕಾಯಿ ಒಡೆಯುವುದು, ಬೂದುಗುಂಬಳ ಒಡೆಯುವುದು ಬಾಗಿಲ ಹೊರಗೆ. ಕರ್ಪೂರ ಹಚ್ಚುವ ಮುಂಚೆ ಟರ್ಪಂಟೈನ್ ಬಟ್ಟೆಗಳು ಹೊರಗೆ ಹೋಗಿರಲಿ. ಅಗಸೆಎಣ್ಣೆ ಒರೆಸಿದ ಬಟ್ಟೆಯನ್ನಂತೂ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಹಾಕಿ. ಪ್ಲಗ್ ಹಾಕುವ ಮುಂಚೆ ಸೇವಂತಿಗೆ ಹಾರದ ದಾರ ಪುಲ್ಲಿಗೂ ಫ್ಯಾನ್ ಜಾಲರಿಗೂ ಸಿಕ್ಕಿಲ್ಲ ಎಂದು ನೋಡಿ.

ಮದ್ದೂರು ಮರ

ಓದ್ ವರ್ಸದ ನಿಂಬೆಣ್ಣಿನ ಕಲೆ ಟೇಬ್ಲು ಮ್ಯಾಲೆ ಹಂಗೇ ಐತೆ, ಎಲ್ಡು ಕರಿ ಬಟ್ಲು ಇಟ್ಟಂಗೆ. 400 ಪೇಪ್ರು ಹಾಕ್ದೆ, ಮಾಸ್ಲಾಯ್ತು, ಓಗ್ಲಿಲ್ಲ. ಇನ್ನೂ ಉಜ್ಲಾ?

ಪಾಂಡವಪುರ ಗರಗಸ

ಉಗುರು ಅಡ್ಡ ಎಳೆದು ನೋಡಣ್ಣ. ಕಲೆಯ ಅಂಚಿಗೆ ಉಗುರು ತಡೀದಿದ್ರೆ ಅದು ಬರೀ ಬಣ್ಣ, ಮರಕ್ಕೆ ಹತ್ತಲ್ಲ, ಅಳತೆಗೂ ಏನಾಗಲ್ಲ. ಮೇಣ ಹಚ್ಚಿ ಬಿಟ್ಟುಬಿಡು. ಉಗುರು ತಡೆದ್ರೂ ಗುಳಿಯನ್ನ ಹುಡುಕಿಕೊಂಡು ಉಜ್ಜಬೇಡ, ಗುಳಿ ಸುತ್ತ ಎದ್ದಿರೋ ಅಂಚನ್ನ ಮಾತ್ರ ಮರದ ತುಂಡಿಗೆ ಸುತ್ತಿದ ಪೇಪರಲ್ಲಿ ಸಮ ಮಾಡಿ, ಗುಳಿಯೊಳಗೂ ಮೇಣ ತುಂಬಿಸಿ ಉಜ್ಜು.